ಮೆರ್ಟೆಸಾಕರ್ ಅಷ್ಟು ನಿಧಾನ ಅಂತಾರಲ್ಲ, ಮತ್ತೆ ಜರ್ಮನಿಗೆ 104 ಪಂದ್ಯ ಆಡಿದ್ದು ಹೇಗೆ?

ಪ್ರಶ್ನೆ: ಜರ್ಮನಿಯ ಫುಟ್‌ಬಾಲ್ ಡಿಫೆಂಡರ್ ಪೆರ್ ಮೆರ್ಟೆಸಾಕರ್ ಅವರ ಹಳೇ ವಿಡಿಯೊ ನೋಡಿದರೆ ಯಾವ ಸ್ಟ್ರೈಕರ್ (ಗೋಲು ಹೊಡೆಯುವ ಮುಂಚೂಣಿ ಆಟಗಾರ) ಬೇಕಾದರೂ ಅವರನ್ನು ದಾಟಿ ಓಡಬಹುದು ಅನ್ನಿಸುತ್ತದೆ. ಇಂಥವರು ವಿಶ್ವಕಪ್ ಗೆದ್ದ ತಂಡದಲ್ಲಿ ಇದ್ದದ್ದು ಹೇಗೆ?

ಉತ್ತರ: ನಿಧಾನ ಅನ್ನೋದು ನಿಜ. 1.98 ಮೀಟರ್ ಎತ್ತರದ ಆಳು, ತಿರುಗಿ ಓಟಕ್ಕೆ ಬೀಳುವಷ್ಟರಲ್ಲಿ ಎದುರಾಳಿ ಎರಡು ಹೆಜ್ಜೆ ಮುಂದಿರುತ್ತಿದ್ದ. ಆದರೆ ಸೆಂಟರ್ ಬ್ಯಾಕ್ (ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್) ಆದವನಿಗೆ ಓಟದ ಪೈಪೋಟಿಯೇ ಬಾರದ ಹಾಗೆ ನೋಡಿಕೊಳ್ಳುವುದೂ ಒಂದು ವಿದ್ಯೆ. ಮೆರ್ಟೆಸಾಕರ್ ಬದುಕಿದ್ದೇ ಆ ವಿದ್ಯೆಯ ಮೇಲೆ.

ಚೆಂಡು ಎದುರಾಳಿ ಮಿಡ್‌ಫೀಲ್ಡರ್ ಕಾಲಲ್ಲಿದೆ ಅಂದುಕೊಳ್ಳಿ. ಅವನು ತಲೆ ಎತ್ತಿ ಮುಂದೆ ನೋಡುತ್ತಾನೆ. ವೇಗದ ಡಿಫೆಂಡರ್ ಆದರೆ ಸ್ಟ್ರೈಕರ್ ಪಕ್ಕದಲ್ಲೇ ನಿಂತಿರಬಹುದು, ಪಾಸ್ ಬಂದ ಮೇಲೆ ಓಡಿದರೂ ನಡೆಯುತ್ತದೆ. ಮೆರ್ಟೆಸಾಕರ್‌ಗೆ ಆ ಅನುಕೂಲ ಇರಲಿಲ್ಲ. ತಲೆ ಮೇಲೆದ್ದ ಆ ಗಳಿಗೆಯಲ್ಲೇ ಅವರು ಎರಡು ಹೆಜ್ಜೆ ಹಿಂದೆ ಸರಿದು, ಮೈಯನ್ನು ಓರೆಯಾಗಿ ತಿರುಗಿಸಿಕೊಂಡಿರುತ್ತಿದ್ದರು. ಪಾಸ್ ಹೊರಟಾಗ ಅವರು ಆಗಲೇ ಅದರ ದಾರಿಯಲ್ಲಿ. ಉಳಿದದ್ದನ್ನು ಆ ಉದ್ದನೆಯ ಕಾಲು ನೋಡಿಕೊಳ್ಳುತ್ತಿತ್ತು. ನೆಲಕ್ಕೆ ಜಾರಿ ಟ್ಯಾಕಲ್ ಮಾಡುವ ಪ್ರಸಂಗವೇ ಅವರಿಗೆ ಕಡಿಮೆ. ವಿಡಿಯೊ ತುಣುಕುಗಳಲ್ಲಿ ಇದು ಕಾಣುವುದಿಲ್ಲ, ಯಾಕೆಂದರೆ ತಪ್ಪಿಸಿದ ಅಪಾಯವನ್ನು ಯಾರೂ ಕತ್ತರಿಸಿ ಹಾಕುವುದಿಲ್ಲ. ಸೋತ ಓಟವನ್ನು ಎಲ್ಲರೂ ಹಾಕುತ್ತಾರೆ.

2003ರಲ್ಲಿ ಊರಿನ ಕ್ಲಬ್ ಹ್ಯಾನೋವರ್ 96ಕ್ಕೆ ಆಡಲು ಶುರು ಮಾಡಿದರು. ಮರುವರ್ಷವೇ ಟೆಹ್ರಾನ್‌ನಲ್ಲಿ ಇರಾನ್ ವಿರುದ್ಧ ರಾಷ್ಟ್ರೀಯ ತಂಡಕ್ಕೆ ಬಂದರು. ಆಮೇಲೆ ವೆರ್ಡರ್ ಬ್ರೆಮನ್ ಕ್ಲಬ್, 2009ರಲ್ಲಿ ಅಲ್ಲಿ ಜರ್ಮನ್ ಕಪ್ ಗೆಲುವು. ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ ಅವರನ್ನು ಕರೆಸಿಕೊಂಡಿದ್ದು 2011ರ ಆಗಸ್ಟ್ ಕೊನೆಯಲ್ಲಿ, ಮ್ಯಾಂಚೆಸ್ಟರ್ ಯುನೈಟೆಡ್ ಕೈಲಿ 8-2ರಿಂದ ಸೋತ ಮೂರೇ ದಿನಕ್ಕೆ. ಲಂಡನ್ನಿನಲ್ಲಿ ಅವರಿಗೆ ಸರಿಯಾದ ಜೋಡಿ ಸಿಕ್ಕಿತು: ಲೋರಾನ್ ಕೊಸೆಲ್ನಿ. ಕೊಸೆಲ್ನಿ ಚುರುಕು, ಮುಂದೆ ನುಗ್ಗಿ ಚೆಂಡು ಕಸಿಯುವವರು. ಮೆರ್ಟೆಸಾಕರ್ ಹಿಂದೆ ನಿಂತು ಆ ಜಾಗ ಕಾಯುವವರು. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿದರು.

ಈ ಲೆಕ್ಕ ಕೈಕೊಟ್ಟ ದಿನಗಳೂ ಇವೆ. 2014ರ ವಿಶ್ವಕಪ್‌ನ ಅಲ್ಜೀರಿಯಾ ಪಂದ್ಯ ನೋಡಿ. ಜರ್ಮನಿಯ ಡಿಫೆನ್ಸ್ ಸಾಲು ಮೈದಾನದ ಮಧ್ಯದ ಹತ್ತಿರ ನಿಂತಿತ್ತು, ಬೆನ್ನ ಹಿಂದೆ ಖಾಲಿ ಜಾಗ. ಅಲ್ಜೀರಿಯಾ ಪದೇ ಪದೇ ಅಲ್ಲಿಗೇ ಚೆಂಡು ಕಳಿಸಿತು. ಗೋಲ್‌ಕೀಪರ್ ನಾಯರ್ ಪೆನಾಲ್ಟಿ ಬಾಕ್ಸ್ ಬಿಟ್ಟು ಓಡಿ ಬಂದು ಬಂದು ತಂಡವನ್ನು ಉಳಿಸಿದರು. ಹೆಚ್ಚುವರಿ ಸಮಯದಲ್ಲಿ 2-1ರಿಂದ ಗೆದ್ದರೂ, ಮುಂದಿನ ಫ್ರಾನ್ಸ್ ಪಂದ್ಯದಲ್ಲಿ ಮೆರ್ಟೆಸಾಕರ್ ಬೆಂಚಿನಲ್ಲಿದ್ದರು. ಕೋಚ್ ಲೋವ್ ಮಾಡಿದ್ದು ಸರಿಯೇ ಅಂತ ನನ್ನ ಅಭಿಪ್ರಾಯ. ಬ್ರೆಜಿಲ್ ವಿರುದ್ಧದ 7-1 ಸೆಮಿಫೈನಲ್‌ನಲ್ಲಿ ಮಧ್ಯಂತರದ ನಂತರ ಬಂದರು, ಫೈನಲ್‌ನಲ್ಲಿ 120ನೇ ನಿಮಿಷಕ್ಕೆ ಓಜಿಲ್ ಬದಲು ಬಂದರು. ಅದೇ ಅವರ 104ನೇ ಪಂದ್ಯ, ಜರ್ಮನಿಗೆ ಕೊನೆಯದ್ದೂ ಅದೇ.

ಆದರೆ ಪ್ರತಿ ಗಳಿಗೆಯೂ ಮೊದಲೇ ಯೋಚಿಸುತ್ತಾ ಆಡುವುದು ಮನಸ್ಸನ್ನು ಎಷ್ಟು ದಣಿಸುತ್ತದೋ! 2018ರ ಮಾರ್ಚ್‌ನಲ್ಲಿ, ಇನ್ನೂ ಆಟಗಾರರಾಗಿದ್ದಾಗಲೇ, ಅವರು ಜರ್ಮನಿಯ ಡೆರ್ ಶ್ಪೀಗೆಲ್ ಪತ್ರಿಕೆಗೆ ಒಂದು ವಿಷಯ ಬಿಚ್ಚಿಟ್ಟರು. ಪಂದ್ಯದ ದಿನ ಹೊಟ್ಟೆ ಕೆಡುತ್ತಿತ್ತು. ಆಟ ಶುರುವಾಗುವ ಮುನ್ನ ವಾಂತಿ ಬಂದ ಹಾಗಾಗಿ ಕಣ್ಣಲ್ಲಿ ನೀರು ಬರುತ್ತಿತ್ತು, ಯಾರಿಗೂ ಕಾಣಬಾರದು ಅಂತ ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದರು. ತನ್ನ ತಪ್ಪಿನಿಂದ ಗೋಲು ಬೀಳಬಹುದೆಂಬ ಭಯ. 2006ರಲ್ಲಿ ತವರಿನ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಟಲಿಗೆ ಸೋತಾಗ ಬೇಸರದ ಜೊತೆಗೆ, ಸದ್ಯ ಮುಗಿಯಿತಲ್ಲ ಅನ್ನಿಸಿತ್ತಂತೆ. ಜರ್ಮನಿಯ ಮಾಜಿ ನಾಯಕ ಲೋಥರ್ ಮಥೇವುಸ್ ಈ ಮಾತುಗಳನ್ನು ಟೀಕಿಸಿದರು. ನನಗಂತೂ ಅವು ತುಂಬಾ ಧೈರ್ಯದ ಮಾತುಗಳು. ಹ್ಯಾನೋವರ್‌ನಲ್ಲಿ ಅವರ ಜೊತೆ ಆಡಿದ ಗೋಲ್‌ಕೀಪರ್ ರಾಬರ್ಟ್ ಎಂಕೆ ಖಿನ್ನತೆಯಿಂದ 2009ರಲ್ಲಿ ಪ್ರಾಣ ಕಳೆದುಕೊಂಡಿದ್ದರು. ಇಂಥದ್ದನ್ನು ಒಳಗೇ ಇಟ್ಟುಕೊಂಡರೆ ಏನಾಗಬಹುದು ಅನ್ನೋದು ಅವರಿಗೆ ಹತ್ತಿರದಿಂದ ಗೊತ್ತಿತ್ತು ಅಲ್ವಾ?

2018ರಲ್ಲೇ ಆಟ ನಿಲ್ಲಿಸಿ, ಆರ್ಸೆನಲ್ ಅಕಾಡೆಮಿಯ ಮುಖ್ಯಸ್ಥರಾಗಿ ಹುಡುಗರನ್ನು ಬೆಳೆಸುವ ಕೆಲಸಕ್ಕೆ ಇಳಿದರು.

ಅವರ ಆಟ ಅರ್ಥವಾಗಬೇಕಾದರೆ ಒಂದೇ ಒಂದು ಪಂದ್ಯ ಪೂರ್ತಿ ನೋಡಿ: 2017ರ ಇಂಗ್ಲೆಂಡಿನ ಎಫ್‌ಎ ಕಪ್ ಫೈನಲ್. ಮಂಡಿಯ ಗಾಯದಿಂದ ತಿಂಗಳುಗಟ್ಟಲೆ ಹೊರಗಿದ್ದು, ಆ ಸೀಸನ್‌ನಲ್ಲಿ ಲೀಗ್‌ನ ಕೊನೆಯ ದಿನ ಬದಲಿಯಾಗಿ ಸ್ವಲ್ಪ ಹೊತ್ತು ಆಡಿದ್ದಷ್ಟೇ. ಅದೇ ದಿನ ಕೊಸೆಲ್ನಿಗೆ ರೆಡ್ ಕಾರ್ಡ್. ಹಾಗಾಗಿ ವೆಂಬ್ಲಿಯಲ್ಲಿ, ಲೀಗ್ ಚಾಂಪಿಯನ್ ಚೆಲ್ಸಿಯ ಎದುರು, ಮೂವರ ಡಿಫೆನ್ಸ್‌ನ ನಡುವೆ 32 ವರ್ಷದ ಮೆರ್ಟೆಸಾಕರ್. ಆರ್ಸೆನಲ್ 2-1ರಿಂದ ಗೆದ್ದಿತು. ನೋಡುವಾಗ ಚೆಂಡಿನ ಹಿಂದೆ ಹೋಗಬೇಡಿ. ಚೆಂಡು ದೂರದಲ್ಲಿರುವಾಗ ಚೆಲ್ಸಿಯ ಸ್ಟ್ರೈಕರ್ ಡಿಯೇಗೊ ಕೋಸ್ಟಾ ಎಲ್ಲಿದ್ದಾನೆ, ಮೆರ್ಟೆಸಾಕರ್ ಎಲ್ಲಿ ನಿಂತಿದ್ದಾರೆ, ಅದನ್ನಷ್ಟೇ ನೋಡಿ.