ಕೇರ್ನ್: ಬೆಟ್ಟದ ನೆತ್ತಿಯ ಕಲ್ಲುಗುಪ್ಪೆ

ಇಂಗ್ಲೆಂಡಿನ ನೈಋತ್ಯ ಮೂಲೆಯ ಡಾರ್ಟ್‌ಮೂರ್ ಗ್ರಾನೈಟ್ ಗುಡ್ಡಗಳ ಬೋಳು ಸೀಮೆ. ಮರ ಕಡಿಮೆ, ಕಣ್ಣು ಹಾಯಿಸಿದಷ್ಟೂ ಒರಟು ಹುಲ್ಲು, ಹೀದರ್ ಪೊದೆ, ಜೌಗು. ಅಲ್ಲಿನ ಗುಡ್ಡದ ನೆತ್ತಿಗಳಲ್ಲಿ ಕಾಣುವ ಕೇರ್ನ್ ಎಂದರೆ ಕಂಚಿನ ಯುಗದ ಜನ, ಸುಮಾರು 3,500ರಿಂದ 4,000 ವರ್ಷಗಳ ಹಿಂದೆ, ಸತ್ತವರ ಮೇಲೆ ಒಟ್ಟಿದ ಕಲ್ಲುಗುಪ್ಪೆ. ಕಲ್ಲಿಗಿಂತ ಮಣ್ಣೇ ಹೆಚ್ಚಿದ್ದರೆ ಬ್ಯಾರೋ ಎನ್ನುತ್ತಾರೆ. ಚಾರಣಿಗರು ದಾರಿ ಗುರುತಿಗೆ ಪೇರಿಸುವ ಕಲ್ಲುಗಳಿಗೂ ಕೇರ್ನ್ ಎಂದೇ ಹೆಸರಿರುವುದರಿಂದ ಗೊಂದಲ ಸಹಜ.

ಗೊಂದಲ ಬಿಡಿಸಲು ನಕ್ಷೆ ಸಾಕು. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ 1:25,000 ಅಳತೆಯ ಓಎಲ್28 ಹಾಳೆಯಲ್ಲಿ ಪ್ರಾಚೀನ ಅವಶೇಷಗಳ ಹೆಸರನ್ನು ಗಾಥಿಕ್ ಎಂಬ ಹಳೆಗಾಲದ ಶೈಲಿಯ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ನೆಲದ ಮೇಲೂ ಗುರುತುಗಳಿವೆ: ಸಮಾಧಿ ಗುಪ್ಪೆ ಎತ್ತರಕ್ಕಿಂತ ಅಗಲ ಹೆಚ್ಚು, ಕಲ್ಲುಗಳು ಅರ್ಧ ಹುಲ್ಲಿನಲ್ಲಿ ಹೂತಿರುತ್ತವೆ, ಕೆಲವಕ್ಕೆ ಬುಡದ ಸುತ್ತ ನಿಲ್ಲಿಸಿದ ಅಂಚುಗಲ್ಲುಗಳಿರುತ್ತವೆ. ನಡುವೆ ಬಟ್ಟಲಿನಂಥ ಗುಳಿ ಕಂಡರೆ ನಿಧಿಯಾಸೆಗೆ ಯಾರೋ ಅಗೆದಿದ್ದಾರೆ ಎಂದೇ ಲೆಕ್ಕ. ಹೀಗೆ ಕೆಡದೆ ಉಳಿದವು ಅಪರೂಪ.

ಹಲವು ಗುಪ್ಪೆಗಳ ಹೊಟ್ಟೆಯಲ್ಲಿ ಇರುವುದು ಕಿಸ್ಟ್‌ವೇನ್: ನಾಲ್ಕು ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಮುಚ್ಚಿದ ಕಲ್ಲಿನ ಪೆಟ್ಟಿಗೆ. ಉದ್ದ ಸಾಮಾನ್ಯವಾಗಿ ಒಂದು ಮೀಟರಿನ ಆಸುಪಾಸು. ಹೆಣವನ್ನು ಮಡಚಿ ಇಡಬೇಕು, ಇಲ್ಲವೇ ಸುಟ್ಟ ಮೂಳೆ ತುಂಬಬೇಕು. ಮಣ್ಣಿನ ಆಮ್ಲ ಮೂಳೆಯನ್ನು ತಿಂದುಹಾಕುವುದರಿಂದ ಪೆಟ್ಟಿಗೆ ಬಹುತೇಕ ಖಾಲಿ. 2011ರಲ್ಲಿ ಅಗೆದ ವೈಟ್‌ಹಾರ್ಸ್ ಹಿಲ್‌ನ ಕಿಸ್ಟ್‌ವೇನ್ ಮಾತ್ರ ಜೌಗಿನ ಪೀಟ್ ಮಣ್ಣಿನೊಳಗಿತ್ತು; ಗಾಳಿಯಾಡದ್ದರಿಂದ ಕರಡಿ ಚರ್ಮ, ಹೆಣೆದ ಬುಟ್ಟಿ, ಇನ್ನೂರಕ್ಕೂ ಹೆಚ್ಚು ಮಣಿಗಳು ಉಳಿದಿದ್ದವು. ಅಂದಹಾಗೆ, 19ನೇ ಶತಮಾನದಲ್ಲಿ ಸುರಪುರ ಸೀಮೆಯ ಸಮಾಧಿಗಳನ್ನು ಅಗೆದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ತಮ್ಮ ವರದಿಯಲ್ಲಿ ಬಳಸಿದ್ದೂ ಕೇರ್ನ್, ಕಿಸ್ಟ್‌ವೇನ್ ಎಂಬ ಪದಗಳನ್ನೇ. ಕಾಲ ಮಾತ್ರ ಬೇರೆ, ನಮ್ಮವು ಕಬ್ಬಿಣ ಯುಗದವು.

ನಡೆದು ನೋಡಲು ಹ್ಯಾಮೆಲ್‌ಡೌನ್ ಒಳ್ಳೆಯದು. ವಿಡಿಕೂಂಬ್ ಊರಿನಿಂದ ಏರಿದರೆ 530 ಮೀಟರ್ ಎತ್ತರದ ಏಣಿನ ಮೇಲೆ ಟೂ ಬ್ಯಾರೋಸ್, ಸಿಂಗಲ್ ಬ್ಯಾರೋ, ಬ್ರಾಡ್ ಬ್ಯಾರೋ ಸಿಗುತ್ತವೆ. ಇವುಗಳ ಮೇಲೆ ನೆಟ್ಟ ಗಡಿಕಲ್ಲುಗಳಲ್ಲಿ ಆಯಾ ಹೆಸರು ಮತ್ತು 1854 ಎಂಬ ಇಸವಿ ಕೊರೆದಿದೆ. ಮಂಜು ಕವಿದಾಗ ಎಲ್ಲಿದ್ದೇವೆಂದು ತಿಳಿಯಲು ಹೆಸರು ಕೊರೆದ ಈ ಕಲ್ಲುಗಳು ನಂಬಿಕಸ್ಥ ಗುರುತು. ಆದರೆ ಹೆಸರಿಲ್ಲದ ಗುಪ್ಪೆಗಳ ಮಾತು ಬೇರೆ: ಕೆಳಗಿನಿಂದ ನೆತ್ತಿಯೆಂದು ಕಂಡ ಗುಪ್ಪೆ ಹತ್ತಿದ ಮೇಲೆ ಗುಡ್ಡ ಇನ್ನೂ ಮುಂದಿರುವುದುಂಟು. ಎಷ್ಟೋ ಕೇರ್ನ್‌ಗಳನ್ನು ಕಣಿವೆಯವರ ಕಣ್ಣಿಗೆ ಬೀಳುವಂತೆ ಇಳಿಜಾರಿನ ಅಂಚಿನಲ್ಲಿ ಕಟ್ಟಿದ್ದಾರೆ. ಆದ್ದರಿಂದ ಗುಪ್ಪೆಯನ್ನೇ ನಂಬದೆ ದಿಕ್ಸೂಚಿ ಹಿಡಿದು ನಡೆಯಬೇಕು. ತಗ್ಗಿನಲ್ಲಿ ಕಣ್ಣು ಕುಕ್ಕುವ ಹಸಿರು ಪಾಚಿ ಕಂಡರೆ ಸುತ್ತಿ ಹೋಗಿ, ಕಾಲು ಹೂತುಹೋಗುತ್ತದೆ. ಉತ್ತರ ಡಾರ್ಟ್‌ಮೂರ್‌ನಲ್ಲಿ ಸೇನೆಯ ಗುಂಡಿನ ಅಭ್ಯಾಸದ ಜಾಗಗಳಿವೆ. ಅಲ್ಲಿ ಕೆಂಪು ಬಾವುಟ ಹಾರುತ್ತಿದ್ದರೆ ಒಳಗೆ ಕಾಲಿಡಬಾರದು.

ಗುಪ್ಪೆಗೆ ಒಂದು ಕಲ್ಲು ಸೇರಿಸುವ ಚಾಳಿ ಬೇಡ. ಸಂರಕ್ಷಿತ ಕೇರ್ನ್‌ನ ಕಲ್ಲು ಕಿತ್ತು ಹಾನಿ ಮಾಡುವುದು 1979ರ ಪ್ರಾಚೀನ ಸ್ಮಾರಕ ಕಾಯ್ದೆಯಡಿ ಅಪರಾಧ.