ಕ್ಲೋನ್ ಆಯ್ತು, ಬೂಟ್ ಆಗ್ಲಿಲ್ಲ: ಡಿಸ್ಕ್ ಬದಲಿಸುವಾಗ ಕಲಿತದ್ದು

ಗೆಳೆಯನೊಬ್ಬನ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಬ್ಯಾನರ್, ಇದೇ ಕೆಲಸ. ಅಲ್ಲಿನ ಕಂಪ್ಯೂಟರ್‌ನಲ್ಲಿ 500 ಜಿಬಿ ಹಾರ್ಡ್ ಡಿಸ್ಕ್ ಇತ್ತು. ಆನ್ ಮಾಡಿ ಕಾಫಿ ಕುಡಿದು ಬಂದರೂ ಇನ್ನೂ ಸುತ್ತುತ್ತಲೇ ಇರುತ್ತಿತ್ತು. ಅದರ ಬದಲು ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ವೇಗದ ಡಿಸ್ಕ್) ಹಾಕೋಣ ಅಂದೆ. ಹೊಸದಾಗಿ ವಿಂಡೋಸ್ ಹಾಕಿದ್ದರೆ ಈ ಟಿಪ್ಪಣಿಯೇ ಬೇಕಾಗುತ್ತಿರಲಿಲ್ಲ, ಆದರೆ ಅವನಿಗೆ ಹಳೇ ನುಡಿ ತಂತ್ರಾಂಶ ಬೇಕು, ಎಲ್ಲೆಲ್ಲಿಂದಲೋ ಕೂಡಿಹಾಕಿದ ಫಾಂಟ್‌ಗಳು ಬೇಕು, ಸಿಡಿ ಕಳೆದುಹೋದ ಪ್ರಿಂಟರಿನ ಡ್ರೈವರ್ ಬೇಕು. ಹಾಗಾಗಿ ಕ್ಲೋನ್ ಮಾಡಿದೆ, ಅಂದರೆ ಹಳೇ ಡಿಸ್ಕಿನಲ್ಲಿದ್ದುದನ್ನು ಇದ್ದ ಹಾಗೇ ಹೊಸದಕ್ಕೆ ನಕಲು ಮಾಡಿದೆ.

ಕ್ಲೋನ್ 100% ಅಂತ ತೋರಿಸಿತು. ರೀಸ್ಟಾರ್ಟ್ ಮಾಡಿದೆ, ವಿಂಡೋಸ್ ಬಂತು. ಸ್ಪೀಡ್ ಮಾತ್ರ ಏನೂ ಜಾಸ್ತಿ ಆಗಿರಲಿಲ್ಲ. ಅಲ್ಲೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಹಳೇ ಡಿಸ್ಕ್ ಬಿಚ್ಚಿ ಮತ್ತೆ ಆನ್ ಮಾಡಿದರೆ ಕಪ್ಪು ಪರದೆ, ಬೂಟ್ ಮಾಡಲು (ಅಂದರೆ ವಿಂಡೋಸ್ ಶುರುಮಾಡಲು) ಡಿಸ್ಕ್ ಸಿಗಲಿಲ್ಲ ಅನ್ನುವ ಒಂದು ಸಾಲು. ಅಂದರೆ ಅಷ್ಟು ಹೊತ್ತು ಓಡುತ್ತಿದ್ದದ್ದು ಹಳೇ ಡಿಸ್ಕೇ! ಎಸ್‌ಎಸ್‌ಡಿ ಪಕ್ಕದಲ್ಲಿ ಸುಮ್ನೆ ಕೂತಿತ್ತು.

ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವ ತಪ್ಪು ಅಂದರೆ ಮತ್ತೆ ಕ್ಲೋನ್ ಮಾಡುವುದು. ನಾನೂ ಮಾಡಿದೆ, ಎರಡು ಗಂಟೆ ಹೋಯಿತು, ಫಲ ಅದೇ. ಫೈಲ್‌ಗಳೆಲ್ಲ ಸರಿಯಾಗೇ ಬಂದಿರುತ್ತವೆ. ಬಂದಿಲ್ಲದಿರುವುದು ಅಥವಾ ಕೆಟ್ಟಿರುವುದು ದಾರಿ. ಮನೆ ಸಾಮಾನೆಲ್ಲ ಹೊಸ ಬಾಡಿಗೆ ಮನೆಗೆ ಬಂದಿದೆ, ಗ್ಯಾಸ್ ಸಿಲಿಂಡರ್ ಮಾತ್ರ ಇನ್ನೂ ಹಳೇ ವಿಳಾಸಕ್ಕೇ ಹೋಗುತ್ತಿದೆ, ಹಾಗೆ.

ದಾರಿ ಯಾವುದು ಅಂತ ಮೊದಲು ನೋಡೋಣ. ಈಗಿನ ಕಂಪ್ಯೂಟರ್‌ಗಳಲ್ಲಿ ಮದರ್‌ಬೋರ್ಡಿನ ಮೇಲೆ ಯುಇಎಫ್‌ಐ ಅನ್ನುವ ಫರ್ಮ್‌ವೇರ್ ಇರುತ್ತದೆ (ಆನ್ ಮಾಡಿದ ಕೂಡಲೇ ಮೊದಲು ಓಡುವ ಪ್ರೋಗ್ರಾಂ, ಬಾಯಿಮಾತಲ್ಲಿ ಇದನ್ನೂ ಬಯೋಸ್ ಅಂತಲೇ ಕರೆಯುತ್ತೇವೆ). ಅದು ತನ್ನದೇ ಮೆಮೊರಿಯಲ್ಲಿ ಒಂದು ಚೀಟಿ ಇಟ್ಟುಕೊಂಡಿರುತ್ತದೆ: ಇಂಥ ಗುರುತಿನ ಪಾರ್ಟಿಷನ್‌ಗೆ (ಡಿಸ್ಕಿನ ಒಂದು ಭಾಗಕ್ಕೆ) ಹೋಗು, ಇಂಥ ಫೈಲನ್ನು ಓಡಿಸು. ಆ ಪಾರ್ಟಿಷನ್ನೇ ಇಎಫ್‌ಐ ಸಿಸ್ಟಮ್ ಪಾರ್ಟಿಷನ್. ಫ್ಯಾಟ್32 ಅನ್ನುವ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿರುತ್ತದೆ, ಸಾಮಾನ್ಯವಾಗಿ 100 ಎಂಬಿ, ಡ್ರೈವ್ ಅಕ್ಷರ ಇರುವುದಿಲ್ಲ, ಹಾಗಾಗಿ ನಮ್ಮ ಕಣ್ಣಿಗೂ ಬೀಳುವುದಿಲ್ಲ. ಅದರೊಳಗೆ ಬೂಟ್ ಮ್ಯಾನೇಜರ್, ಅದರ ಪಕ್ಕದಲ್ಲೇ ಬಿಸಿಡಿ ಅನ್ನುವ ಸಣ್ಣ ದಾಖಲೆ. ವಿಂಡೋಸ್ ಯಾವ ಡಿಸ್ಕಿನ ಯಾವ ಪಾರ್ಟಿಷನ್‌ನಲ್ಲಿದೆ ಅಂತ ಬರೆದಿರುವುದು ಈ ಬಿಸಿಡಿಯಲ್ಲಿ. ಅದನ್ನು ಓದಿ ವಿನ್‌ಲೋಡ್ ಅನ್ನುವ ಪ್ರೋಗ್ರಾಂ ಶುರುವಾಗುತ್ತದೆ, ಅದು ಡಿಸ್ಕಿನ ಡ್ರೈವರ್ ಎತ್ತಿಕೊಂಡು ವಿಂಡೋಸನ್ನು ಎಬ್ಬಿಸುತ್ತದೆ.

ನಾನು ಮಾಡಿದ್ದೇನು? ಎಸ್‌ಎಸ್‌ಡಿ 240 ಜಿಬಿ, ಹಳೇದು 500. ಪೂರ್ತಿ ಹಿಡಿಸಲ್ಲ ಅಂತ ಸಿ ಡ್ರೈವ್ ಒಂದನ್ನೇ ಆರಿಸಿ ಕಾಪಿ ಮಾಡಿದ್ದೆ. ಆ 100 ಎಂಬಿ ಪಾರ್ಟಿಷನ್ ಹಳೇ ಡಿಸ್ಕಿನಲ್ಲೇ ಉಳಿಯಿತು. ಸಿ ಇದ್ದರೆ ಸಾಕಲ್ಲ ಅಂದುಕೊಂಡಿದ್ದೆ.

ರಿಪೇರಿ ಹೀಗೆ ಮಾಡಿದೆ. ಬೇರೆ ಕಂಪ್ಯೂಟರ್‌ನಲ್ಲಿ 8 ಜಿಬಿ ಪೆನ್‌ಡ್ರೈವ್‌ಗೆ ವಿಂಡೋಸ್ ಇನ್‌ಸ್ಟಾಲರ್ ಹಾಕಿಕೊಂಡೆ. ಹಳೇ ಡಿಸ್ಕ್ ಪೂರ್ತಿ ಬಿಚ್ಚಿಟ್ಟು, ಎಸ್‌ಎಸ್‌ಡಿ ಒಂದೇ ಇಟ್ಟು, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದೆ. ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಹೆಸರು ಎರಡು ಸಲ ಕಾಣಬಹುದು, ಯುಇಎಫ್‌ಐ ಅಂತ ಇರುವುದನ್ನೇ ಆರಿಸಿ. ಭಾಷೆ ಕೇಳುವ ಪರದೆ ಬಂದಾಗ ಶಿಫ್ಟ್ ಹಿಡಿದು ಎಫ್10 ಒತ್ತಿದರೆ ಕಮಾಂಡ್ ಪ್ರಾಂಪ್ಟ್ ತೆರೆಯುತ್ತದೆ. ಮುಂದಿನ ಕಮಾಂಡುಗಳನ್ನು ಓದಲು ಸುಲಭವಾಗಲಿ ಅಂತ ಕನ್ನಡದಲ್ಲಿ ಬರೆಯುತ್ತಿದ್ದೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು.

ಮೊದಲು ಡಿಸ್ಕ್‌ಪಾರ್ಟ್ (ಪಾರ್ಟಿಷನ್ ಕೆಲಸದ ಪ್ರೋಗ್ರಾಂ), ಅದರೊಳಗೆ ಲಿಸ್ಟ್ ಡಿಸ್ಕ್. ಜಿಪಿಟಿ (ವಿಂಡೋಸ್ ಯುಇಎಫ್‌ಐನಲ್ಲಿ ಬೂಟ್ ಆಗಲು ಬೇಕಾದ ಪಾರ್ಟಿಷನ್ ಪದ್ಧತಿ) ಅನ್ನುವ ಕಾಲಂನಲ್ಲಿ ನಕ್ಷತ್ರ ಇದೆಯೇ ನೋಡಿ. ನನ್ನದರಲ್ಲಿ ಇತ್ತು, ಬಚಾವಾದೆ. ಆಮೇಲೆ ಸೆಲೆಕ್ಟ್ ಡಿಸ್ಕ್ 0, ಲಿಸ್ಟ್ ಪಾರ್ಟಿಷನ್, ವಿಂಡೋಸ್ ಇರುವ ಪಾರ್ಟಿಷನ್ ಸೆಲೆಕ್ಟ್ ಮಾಡಿ ಶ್ರಿಂಕ್ ಡಿಸೈರ್ಡ್=300. ಇದರಿಂದ ಕೊನೆಯಲ್ಲಿ 300 ಎಂಬಿ ಖಾಲಿ ಜಾಗ ಸಿಗುತ್ತದೆ. ಅಲ್ಲಿ ಕ್ರಿಯೇಟ್ ಪಾರ್ಟಿಷನ್ ಇಎಫ್‌ಐ ಸೈಜ್=260, ನಂತರ ಫಾರ್ಮ್ಯಾಟ್ ಕ್ವಿಕ್ ಎಫ್‌ಎಸ್=ಫ್ಯಾಟ್32, ಕೊನೆಗೆ ಅಸೈನ್ ಲೆಟರ್=ಎಸ್. ಫಾರ್ಮ್ಯಾಟ್ ಅಂತ ಟೈಪ್ ಮಾಡುವ ಮುಂಚೆ ಲಿಸ್ಟ್ ಪಾರ್ಟಿಷನ್ ಇನ್ನೊಮ್ಮೆ ಕೊಟ್ಟು, ನಕ್ಷತ್ರ ಯಾವುದರ ಮುಂದಿದೆ ನೋಡಿಕೊಳ್ಳಿ. ಕೈ ತಪ್ಪಿ ವಿಂಡೋಸ್ ಪಾರ್ಟಿಷನ್ನೇ ಫಾರ್ಮ್ಯಾಟ್ ಆದರೆ ಮತ್ತೆ ಮೊದಲಿಂದ.

ಇಲ್ಲೊಂದು ಗುಂಡಿ ಇದೆ. ಇನ್‌ಸ್ಟಾಲರ್‌ನೊಳಗೆ ಡ್ರೈವ್ ಅಕ್ಷರಗಳು ಬದಲಾಗಿರುತ್ತವೆ, ನಿಮ್ಮ ಸಿ ಅಲ್ಲಿ ಡಿ ಆಗಿರಬಹುದು. ಲಿಸ್ಟ್ ವಾಲ್ಯೂಮ್ ಕೊಟ್ಟು ಗಾತ್ರ ನೋಡಿ ಗುರುತಿಸಿ. ಎಕ್ಸಿಟ್ ಕೊಟ್ಟು ಹೊರಗೆ ಬಂದ ಮೇಲೆ ಮುಖ್ಯ ಕಮಾಂಡ್:

ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಎಸ್: /ಎಫ್ ಯುಇಎಫ್‌ಐ

ಸಿ ಇರುವ ಕಡೆ ನಿಮಗೆ ಸಿಕ್ಕ ಅಕ್ಷರ ಹಾಕಿ. ಇದು ವಿಂಡೋಸ್ ಫೋಲ್ಡರಿನೊಳಗಿನಿಂದಲೇ ಬೂಟ್ ಫೈಲ್‌ಗಳನ್ನು ಎತ್ತಿ ಹೊಸ ಪಾರ್ಟಿಷನ್‌ಗೆ ಹಾಕುತ್ತದೆ, ಬಿಸಿಡಿಯನ್ನು ಹೊಸದಾಗಿ ಬರೆಯುತ್ತದೆ. ಒಂದೇ ಸಾಲಿನಲ್ಲಿ ಎರಡು ಕೆಲಸ! ಪೆನ್‌ಡ್ರೈವ್ ಕಿತ್ತು ಆನ್ ಮಾಡಿದೆ, ವಿಂಡೋಸ್ ಬಂತು. ಈ ಸಲ ಕಾಫಿಗೆ ಹೋಗುವಷ್ಟು ಹೊತ್ತು ಇರಲಿಲ್ಲ.

ಬೂಟ್‌ರೆಕ್ ಫಿಕ್ಸ್‌ಬೂಟ್ ಅನ್ನುವ ರಿಪೇರಿ ಕಮಾಂಡ್ ಕೊಟ್ಟರೆ ಸಾಕು ಅಂತ ನಿಮಗೂ ಯಾರಾದರೂ ಹೇಳಿರಬಹುದು. ಯುಇಎಫ್‌ಐ ಕಂಪ್ಯೂಟರ್‌ನಲ್ಲಿ ಅದು ಎಷ್ಟೋ ಸಲ ಆಕ್ಸೆಸ್ ಡಿನೈಡ್ ಅಂತ ಮುಖಕ್ಕೆ ಹೊಡೆಯುತ್ತದೆ. ಅಲ್ಲಿ ಒದ್ದಾಡಬೇಡಿ, ನೇರವಾಗಿ ಬಿಸಿಡಿಬೂಟ್‌ಗೆ ಬನ್ನಿ.

ನಿಮ್ಮದು ಬೇರೆ ತರಹದ ತೊಂದರೆ ಇರಬಹುದು. ಎಲ್ಲಿ ನಿಂತಿತು ಅಂತ ಪರದೆಯೇ ಹೇಳುತ್ತದೆ, ಗಾಬರಿಯಲ್ಲಿ ನಾವು ಓದುವುದಿಲ್ಲ ಅಷ್ಟೆ.

ವಿಂಡೋಸ್ ಲೋಗೋ ಬರುವ ಮುಂಚೆಯೇ ನಿಂತರೆ ಫರ್ಮ್‌ವೇರ್ ಮಟ್ಟದ ಸಮಸ್ಯೆ. ಬೂಟ್ ಆರ್ಡರ್‌ನಲ್ಲಿ ಹೊಸ ಡಿಸ್ಕ್ ಮೊದಲಿದೆಯಾ ನೋಡಿ. ಆಮೇಲೆ ಮೋಡ್. ಹಳೇ ಡಿಸ್ಕ್ ಎಂಬಿಆರ್ (ಜಿಪಿಟಿಗೂ ಮುಂಚಿನ) ಪದ್ಧತಿಯದಾಗಿದ್ದರೆ ಅದು ಲೆಗಸಿ ಮೋಡ್‌ನಲ್ಲಿ, ಅಂದರೆ ಯುಇಎಫ್‌ಐಗೂ ಮುಂಚಿನ ಬಯೋಸ್ ರೀತಿಯಲ್ಲಿ, ಬೂಟ್ ಆಗುತ್ತಿತ್ತು, ಕ್ಲೋನಿಗೂ ಅದೇ ಬೇಕು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಲೆಗಸಿ ಇಲ್ಲದೇ ಇರುವುದೂ ಉಂಟು. ಆಗ ಹಳೇ ಕಂಪ್ಯೂಟರ್‌ನಲ್ಲೇ ಡಿಸ್ಕನ್ನು ಎಂಬಿಆರ್‌ನಿಂದ ಜಿಪಿಟಿಗೆ ಬದಲಿಸಿಕೊಂಡು ಬರುವುದು ಒಳ್ಳೆಯದು. 2017ರಲ್ಲಿ ಬಂದ ವಿಂಡೋಸ್ 10ರ 1703 ಆವೃತ್ತಿಯಿಂದ ಎಂಬಿಆರ್2ಜಿಪಿಟಿ ಅನ್ನುವ ಕಮಾಂಡ್ ಇದೆ, ಡೇಟಾ ಅಳಿಸದೆ ಬದಲಿಸುತ್ತದೆ. ಮೊದಲು ವ್ಯಾಲಿಡೇಟ್, ಆಮೇಲೆ ಕನ್ವರ್ಟ್.

ನೀಲಿ ಪರದೆಯಲ್ಲಿ ರಿಕವರಿ ಅಂತ ಬಂದು, ಕೋಡ್‌ನಲ್ಲಿ ಸೊನ್ನೆ ಎಕ್ಸ್ ಸಿ, ಆರು ಸೊನ್ನೆ, ಕೊನೆಗೆ ಇ ಇದ್ದರೆ ಬಿಸಿಡಿ ಹುಡುಕುತ್ತಿರುವ ಡಿಸ್ಕ್ ಸಿಗುತ್ತಿಲ್ಲ ಅಂತ ಅರ್ಥ. ಮದ್ದು ಮೇಲಿನ ಬಿಸಿಡಿಬೂಟೇ. ಇಎಫ್‌ಐ ಪಾರ್ಟಿಷನ್ ಆಗಲೇ ಇರುವುದರಿಂದ ಹೊಸದು ಮಾಡುವ ತಾಪತ್ರಯವಿಲ್ಲ, ಅಕ್ಷರ ಕೊಟ್ಟರೆ ಸಾಕು.

ಲೋಗೋ ಬಂದು, ಚುಕ್ಕಿಗಳು ಸುತ್ತಿ, ಆಮೇಲೆ ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಅಂತ ಬಿದ್ದರೆ ದಾರಿ ಸರಿಯಿದೆ, ಡ್ರೈವರ್ ಇಲ್ಲ. ಸಾಟಾ (ಹಳೇ ತರಹದ ಜೋಡಣೆ) ಡಿಸ್ಕಿನಿಂದ ಎನ್‌ವಿಎಂಇಗೆ (ಇನ್ನೂ ವೇಗದ ಹೊಸ ತರಹದ ಎಸ್‌ಎಸ್‌ಡಿಗೆ) ಹೋದಾಗ ಇದು ಜಾಸ್ತಿ. ಇಷ್ಟು ವರ್ಷ ಸಾಟಾದಿಂದಲೇ ಎದ್ದ ವಿಂಡೋಸ್, ಬೂಟ್ ಹೊತ್ತಿಗೆ ಎನ್‌ವಿಎಂಇ ಡ್ರೈವರ್ ಬೇಕು ಅಂತ ಗುರುತು ಮಾಡಿಕೊಂಡಿರುವುದಿಲ್ಲ. ಒಂದು ಸಲ ಸೇಫ್ ಮೋಡ್‌ನಲ್ಲಿ ಬೂಟ್ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ. ಬಯೋಸ್‌ನಲ್ಲಿ ಡಿಸ್ಕ್ ನಡೆಸುವ ಸೆಟ್ಟಿಂಗ್ ಎಎಚ್‌ಸಿಐ ಇದ್ದದ್ದು ರೇಡ್ ಆಗಿದ್ದರೂ ಇದೇ ಪರದೆ ಬರುತ್ತದೆ, ಮೊದಲು ಅದನ್ನೇ ನೋಡಿ, ಪುಕ್ಕಟೆ ಪರೀಕ್ಷೆ. ಇನ್ನು ಕೆಲವರು ಕ್ಲೋನನ್ನು ಯುಎಸ್‌ಬಿ ಕೇಸ್‌ನಲ್ಲಿ ಇಟ್ಟುಕೊಂಡೇ ಬೂಟ್ ಆಗುತ್ತಾ ಅಂತ ನೋಡುತ್ತಾರೆ. ಮಾಮೂಲಿ ವಿಂಡೋಸ್ ಯುಎಸ್‌ಬಿಯಿಂದ ಏಳಲು ತಯಾರಾಗಿರುವುದಿಲ್ಲ. ಒಳಗೆ ಜೋಡಿಸಿಯೇ ನೋಡಬೇಕು.

ಎಲ್ಲ ಸರಿಹೋದ ಮೇಲೂ ಹಳೇ ಡಿಸ್ಕಿನ ವಿಷಯದಲ್ಲಿ ಆತುರ ಬೇಡ. ಪೂರ್ತಿ ಡಿಸ್ಕ್ ಕ್ಲೋನ್ ಮಾಡಿದ್ದರೆ ಎರಡಕ್ಕೂ ಒಂದೇ ಗುರುತು ಸಂಖ್ಯೆ ಬಂದಿರಬಹುದು. ಎರಡನ್ನೂ ಒಟ್ಟಿಗೆ ಜೋಡಿಸಿದರೆ ವಿಂಡೋಸ್ ಒಂದನ್ನು ಆಫ್‌ಲೈನ್ ಅಂತ ಪಕ್ಕಕ್ಕಿಡುತ್ತದೆ. ನೀವು ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಆನ್‌ಲೈನ್ ಒತ್ತಿದಿರೋ, ಆ ಡಿಸ್ಕಿಗೆ ಹೊಸ ಗುರುತು ಬರೆಯುತ್ತದೆ. ಆಮೇಲೆ ಅದರ ಬಿಸಿಡಿಯಲ್ಲಿರುವ ಹಳೇ ಗುರುತಿಗೆ ಅದೇ ಹೊಂದುವುದಿಲ್ಲ, ಬೇಕು ಅಂದಾಗ ಅದೂ ಬೂಟ್ ಆಗದೆ ಕೂರುತ್ತದೆ. ಗೆಳೆಯನಿಗೆ ಹಳೇ ಡಿಸ್ಕ್ ಮೇಲೆ ತಾರೀಖು ಬರೆದು ಡ್ರಾಯರ್‌ನಲ್ಲಿ ಇಡಲು ಹೇಳಿದೆ. ಅವನು ಲಗ್ನಪತ್ರಿಕೆಯ ಉಳಿದ ಕಾಗದದಲ್ಲೇ ಚೀಟಿ ಪ್ರಿಂಟ್ ಮಾಡಿ ಅಂಟಿಸಿದ್ದಾನೆ, ಗಣಪತಿ ಚಿತ್ರದ ಸಮೇತ.