ಹಳೆಯ ಫೋರ್ ವೀಲ್ ಡ್ರೈವ್: ಪೆಟ್ರೋಲೋ, ಡೀಸೆಲೋ?

ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆಯ ಕಾಫಿ ತೋಟಗಳ ಶೆಡ್ಡುಗಳಲ್ಲಿ ಎರಡು ಜಾತಿಯ ಫೋರ್ ವೀಲ್ ಡ್ರೈವ್ ವಾಹನಗಳು ಇಂದಿಗೂ ಅಕ್ಕಪಕ್ಕ ನಿಂತಿರುತ್ತವೆ. ಒಂದು, ಹಗುರ ಮೈಯ ಮಾರುತಿಯ ಪೆಟ್ರೋಲ್ ಜಿಪ್ಸಿ. ಇನ್ನೊಂದು, ಗುಡುಗುಡು ಸದ್ದಿನ ಡೀಸೆಲ್ ಜೀಪು ಅಥವಾ ಅದರ ವಂಶದಲ್ಲೇ ಹುಟ್ಟಿದ ಮಹೀಂದ್ರ ಥಾರ್. ಸೆಕೆಂಡ್ ಹ್ಯಾಂಡ್ ವಾಹನ ಹುಡುಕಿ ಹೊರಟವರಿಗೆ ಊರಿನ ಹಿರಿಯರೂ ಗ್ಯಾರೇಜಿನವರೂ ಹೇಳುವ ಮಾತು ಸಾಮಾನ್ಯವಾಗಿ ಒಂದೇ: ಡೀಸೆಲ್‌ಗೆ ದಮ್ ಜಾಸ್ತಿ, ಪೆಟ್ರೋಲ್‌ಗೆ ಖರ್ಚು ಜಾಸ್ತಿ. ಈ ಮಾತು ಪೂರ್ತಿ ಸುಳ್ಳಲ್ಲ; ಆದರೆ ಅದು ಹುಟ್ಟಿದ ಕಾಲದ ಎಂಜಿನ್‌ಗಳೇ ಬೇರೆ, ಇಂದು ಮಾರಾಟಕ್ಕೆ ನಿಂತಿರುವ ಎಂಜಿನ್‌ಗಳೇ ಬೇರೆ.

ಎರಡೂ ಎಂಜಿನ್‌ಗಳ ಮೂಲ ಜರ್ಮನಿಯಲ್ಲಿದೆ. ನಿಕೋಲಸ್ ಓಟೊ 1876ರಲ್ಲಿ ನಿರ್ಮಿಸಿದ ನಾಲ್ಕು ಹೊಡೆತದ ಎಂಜಿನ್‌ನಲ್ಲಿ ಇಂಧನವೂ ಗಾಳಿಯೂ ಮೊದಲೇ ಬೆರೆತು ಸಿಲಿಂಡರಿನೊಳಗೆ ಹೋಗುತ್ತವೆ, ಆ ಮಿಶ್ರಣಕ್ಕೆ ಹೊರಗಿನಿಂದ ಬೆಂಕಿ ತಗಲಿಸಬೇಕು. ಇಂದಿನ ಪೆಟ್ರೋಲ್ ಎಂಜಿನ್‌ನಲ್ಲಿ ಆ ಕೆಲಸ ಸ್ಪಾರ್ಕ್ ಪ್ಲಗ್ಗಿನ ಕಿಡಿಯದು. ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್‌ನಲ್ಲಿ ಕಿಡಿಯೇ ಇಲ್ಲ. ಅಲ್ಲಿ ಬರೀ ಗಾಳಿಯನ್ನು ಒಳಗೆ ಎಳೆದುಕೊಂಡು, ಅದರ ಗಾತ್ರದ ಹದಿನೈದರಿಂದ ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತಲಾಗುತ್ತದೆ. ಹೀಗೆ ಒತ್ತಿಸಿಕೊಂಡ ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ, ಆ ಕ್ಷಣದಲ್ಲಿ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸೈಕಲ್ ಪಂಪಿನಿಂದ ಗಾಳಿ ಹೊಡೆಯುವಾಗ ಪಂಪಿನ ತುದಿ ಬೆಚ್ಚಗಾಗುವುದನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಪೆಟ್ರೋಲ್ ಮಿಶ್ರಣವನ್ನು ಅಷ್ಟು ಒತ್ತಿದರೆ ಅದು ಅಕಾಲದಲ್ಲಿ ಸಿಡಿದು ಎಂಜಿನ್ 'ನಾಕ್' ಹೊಡೆಯುತ್ತದೆ; ಆದ್ದರಿಂದ ಅಲ್ಲಿ ಸಂಪೀಡನ (ಕಂಪ್ರೆಷನ್) ಒಂಬತ್ತು, ಹತ್ತು, ಹನ್ನೊಂದು ಪಟ್ಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ.

ಡೀಸೆಲ್ ಎಂಜಿನ್‌ನ ಗುಣಗಳಲ್ಲಿ ಹೆಚ್ಚಿನವೂ ಅದರ ಕಾಟಗಳಲ್ಲಿ ಹೆಚ್ಚಿನವೂ ಈ ಒತ್ತಡದಿಂದಲೇ ಹುಟ್ಟಿದವು. ಒತ್ತಡ ಹೆಚ್ಚಾದಷ್ಟೂ ಉರಿಯ ಶಾಖದಿಂದ ಹೆಚ್ಚಿನ ಪಾಲು ಕೆಲಸವಾಗಿ ಹೊರಬರುವುದರಿಂದ ಮೈಲೇಜ್ ಸಿಗುತ್ತದೆ, ಅದರ ಜೊತೆಗೆ ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿಯಿದ್ದರೆ ಪೆಟ್ರೋಲಿನಲ್ಲಿ ಇರುವುದು ಸುಮಾರು 32 ಮಾತ್ರ. ಅದೇ ಒತ್ತಡವನ್ನು ತಾಳಿಕೊಳ್ಳಲು ಬ್ಲಾಕು, ಕ್ರ್ಯಾಂಕು, ಪಿಸ್ಟನ್ನು ಎಲ್ಲವೂ ದಪ್ಪಗಿರಬೇಕು. ಎಂಜಿನ್ ಭಾರವಾಗುತ್ತದೆ, ಸದ್ದು ಹೆಚ್ಚುತ್ತದೆ, ರಿಪೇರಿಗೆ ಬಂದಾಗ ಬಿಲ್ಲೂ ಭಾರವಾಗಿಯೇ ಬರುತ್ತದೆ.

ಇನ್ನು ದಮ್ಮಿನ ಮಾತು. ಟಾರ್ಕ್ ಎಂದರೆ ತಿರುಗಿಸುವ ಬಲ. ಅದನ್ನು ತಿರುಗುವ ವೇಗದಿಂದ ಗುಣಿಸಿದರೆ ಸಿಗುವುದು ಶಕ್ತಿ. 1.3 ಲೀಟರಿನ ಜಿಪ್ಸಿಯ ಗರಿಷ್ಠ ಟಾರ್ಕ್ ಸುಮಾರು 103 ನ್ಯೂಟನ್ ಮೀಟರ್, ಅದೂ ನಿಮಿಷಕ್ಕೆ 4,500 ಸುತ್ತುಗಳಲ್ಲಿ. 2010ರಲ್ಲಿ ಬಂದ 2.5 ಲೀಟರಿನ ಡೀಸೆಲ್ ಥಾರ್ 2,000 ಸುತ್ತಿನೊಳಗೇ 247 ನ್ಯೂಟನ್ ಮೀಟರ್ ಕೊಡುತ್ತದೆ. ಲೆಕ್ಕ ಹಾಕಿದರೆ ಥಾರ್ 2,000 ಸುತ್ತಿನಲ್ಲಿ ಸುಮಾರು 70 ಅಶ್ವಶಕ್ತಿ ಒದಗಿಸುತ್ತಿದ್ದರೆ, ಜಿಪ್ಸಿ ಅದರ ಹತ್ತಿರಕ್ಕೆ, ಅಂದರೆ ಸುಮಾರು 65ಕ್ಕೆ, ಬರಲು 4,500 ಸುತ್ತು ತಿರುಗಬೇಕು. ಗೊಬ್ಬರದ ಮೂಟೆ ತುಂಬಿಕೊಂಡು ತೋಟದ ಏರು ಹತ್ತುವಾಗ ಜಿಪ್ಸಿಯ ಚಾಲಕ ರೇಸ್ ಕೊಡುತ್ತಲೇ ಇರುವುದಕ್ಕೂ ಡೀಸೆಲ್ ಚಾಲಕ ಕಾಲು ಅಲುಗಿಸದೆ ಕುಳಿತಿರುವುದಕ್ಕೂ ಇದೇ ಕಾರಣ.

ಆದರೆ ಚಕ್ರಕ್ಕೆ ತಲುಪುವುದು ಎಂಜಿನ್‌ನ ಟಾರ್ಕ್ ಅಲ್ಲ, ಗೇರುಗಳು ಹಿಗ್ಗಿಸಿದ ಟಾರ್ಕ್. ಫೋರ್ ವೀಲ್ ಡ್ರೈವಿನ 'ಲೋ' ಗೇರು ಹಾಕಿದಾಗ ಜಿಪ್ಸಿಯ ಪುಟ್ಟ ಎಂಜಿನ್ನೂ ತನ್ನ ಸುಮಾರು ಒಂದು ಟನ್ನಿನ ಮೈಯನ್ನು ಎಂಥ ಏರಿನಲ್ಲೂ ಎಳೆದುಕೊಂಡು ಹೋಗುತ್ತದೆ. ಜೂನ್ ತಿಂಗಳ ಜೇಡಿ ಕೆಸರಿನಲ್ಲಿ ಗೆಲ್ಲುವುದು ಬಲಕ್ಕಿಂತ ಹೆಚ್ಚಾಗಿ ಹಗುರತನ: 1,700 ಕೆಜಿಗೂ ಮೇಲಿನ, ಮೂತಿ ಭಾರದ ಡೀಸೆಲ್ ವಾಹನ ಮುಂದಿನ ಚಕ್ರಗಳನ್ನು ಹೂತುಕೊಂಡು ಕೂತ ಜಾಗದಲ್ಲಿ ಜಿಪ್ಸಿ ಮೇಲೆಮೇಲೆಯೇ ಜಾರಿಕೊಂಡು ದಾಟಿಬಿಡುವುದನ್ನು ಮಲೆನಾಡಿನಲ್ಲಿ ಕಂಡವರು ಬಹಳ ಮಂದಿ. 2020ರ ಅಕ್ಟೋಬರಿನಲ್ಲಿ ಬಂದ ಹೊಸ ಥಾರ್ ಅಂತೂ ಹಳೆಯ ವಾದವನ್ನೇ ತಲೆಕೆಳಗು ಮಾಡಿತು. ಅದರ ಮ್ಯಾನ್ಯುಯಲ್ ಗೇರಿನ ಮಾದರಿಯಲ್ಲಿ 2.2 ಲೀಟರಿನ ಡೀಸೆಲ್ ಕೊಡುವುದೂ 300 ನ್ಯೂಟನ್ ಮೀಟರ್, 2.0 ಲೀಟರಿನ ಟರ್ಬೊ (ಹೊಗೆಯ ರಭಸದಿಂದ ತಿರುಗಿ ಸಿಲಿಂಡರಿಗೆ ಹೆಚ್ಚು ಗಾಳಿ ತುಂಬುವ ಪಂಪು) ಇರುವ ಪೆಟ್ರೋಲ್ ಕೊಡುವುದೂ 300. ಶಕ್ತಿಯಲ್ಲಿ ಪೆಟ್ರೋಲ್ 150 ಅಶ್ವಶಕ್ತಿಯೊಂದಿಗೆ ಡೀಸೆಲ್‌ನ 130ನ್ನು ಹಿಂದಿಕ್ಕುತ್ತದೆ. ಕಡಿಮೆ ಸುತ್ತಿನ ದಮ್ಮು ಡೀಸೆಲ್‌ನ ಸ್ವತ್ತಾಗಿ ಉಳಿದಿಲ್ಲ. ಟರ್ಬೊ ಯಾರಿಗಿದೆಯೋ ಅವರದ್ದು ಅದು.

ಇಳಿಜಾರಿನ ಬಗ್ಗೆಯೂ ಒಂದು ನಂಬಿಕೆಯಿದೆ: ಡೀಸೆಲ್‌ಗೆ ಕಂಪ್ರೆಷನ್ ಜಾಸ್ತಿ, ಹಾಗಾಗಿ ಎಂಜಿನ್ ಬ್ರೇಕ್, ಅಂದರೆ ಕಾಲು ತೆಗೆದಾಗ ಎಂಜಿನ್ನೇ ವಾಹನವನ್ನು ತಡೆಯುವುದು, ಚೆನ್ನಾಗಿ ಹಿಡಿಯುತ್ತದೆ. ಭೌತವಿಜ್ಞಾನ ಇದನ್ನು ಒಪ್ಪುವುದಿಲ್ಲ. ಒತ್ತಿದ ಗಾಳಿ ಸ್ಪ್ರಿಂಗಿನ ಹಾಗೆ; ಮೇಲೇರುವಾಗ ಪಿಸ್ಟನ್ನನ್ನು ತಡೆದದ್ದೇ ಕೆಳಗಿಳಿಯುವಾಗ ತಳ್ಳಿಕೊಡುತ್ತದೆ, ಕೊಟ್ಟ ಸಾಲದ ಬಹುಪಾಲು ಮರಳಿ ಬಂದುಬಿಡುತ್ತದೆ. ಪೆಟ್ರೋಲ್ ಎಂಜಿನ್‌ನಲ್ಲಿ ಕಾಲು ತೆಗೆದೊಡನೆ ಗಾಳಿ ಬರುವ ದಾರಿಯ ಬಾಗಿಲಾದ ಥ್ರಾಟಲ್ ಮುಚ್ಚಿಕೊಂಡು, ಪಿಸ್ಟನ್‌ಗಳು ಮುಚ್ಚಿದ ಬಾಯಿಯಿಂದ ಗಾಳಿ ಎಳೆಯಲು ಒದ್ದಾಡುತ್ತವೆ. ಆ ಒದ್ದಾಟವೇ ನಿಜವಾದ ಬ್ರೇಕು, ಡೀಸೆಲ್‌ನಲ್ಲಿ ಅದು ಬಹುಮಟ್ಟಿಗೆ ಇಲ್ಲ. ಡೀಸೆಲ್ ಜೀಪು ಘಾಟಿಯಲ್ಲಿ ಹಿಡಿದು ಇಳಿಯುವುದಕ್ಕೆ ಅದರ ದಪ್ಪ ಭಾಗಗಳ ಘರ್ಷಣೆಯೂ ಗೇರಿನ ಅನುಪಾತವೂ ಹೆಚ್ಚಿನ ಕಾರಣ.

ಹಳ್ಳ ದಾಟುವ ವಿಚಾರದಲ್ಲಿ ಹಳೆಯ ಡೀಸೆಲ್‌ಗೆ ಸಲ್ಲಬೇಕಾದ ಮನ್ನಣೆ ಸಲ್ಲಲೇಬೇಕು. ಕಿಡಿಯ ಕರೆಂಟನ್ನು ಹಂಚುವ ಡಿಸ್ಟ್ರಿಬ್ಯೂಟರು, ಪ್ಲಗ್ಗಿನ ವೈರುಗಳು ಒದ್ದೆಯಾದರೆ ಹಳೆಯ ಪೆಟ್ರೋಲ್ ಎಂಜಿನ್ ಮಿಸ್ಸಿಂಗ್ ಹೊಡೆದು ನಡು ನೀರಿನಲ್ಲಿ ನಿಂತೀತು. ಕಿಡಿಯ ಹಂಗೇ ಇಲ್ಲದ ಡೀಸೆಲ್‌ಗೆ ಆ ಭಯವಿಲ್ಲ. ಆದರೆ ಏರ್ ಫಿಲ್ಟರಿನ ಬಾಯಿಗೆ ನೀರು ಬಂತೆಂದರೆ ಹೆಚ್ಚು ಅಪಾಯ ಡೀಸೆಲ್‌ಗೇ. 2.2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಎಂದಿಟ್ಟುಕೊಳ್ಳಿ: ಒಂದೊಂದು ಪಿಸ್ಟನ್ ಗುಡಿಸುವ ಜಾಗ ಸುಮಾರು 550 ಮಿಲಿಲೀಟರ್. ಸಂಪೀಡನ 17 ಪಟ್ಟಿದ್ದರೆ ಪಿಸ್ಟನ್ ತುದಿ ಮುಟ್ಟಿದಾಗ ಉಳಿಯುವ ಜಾಗ ಕೇವಲ 34 ಮಿಲಿಲೀಟರ್, ಅಂದರೆ ಒಂದು ಪುಟ್ಟ ಕಾಫಿ ಲೋಟದ ಮೂರರಲ್ಲೊಂದು ಪಾಲು. ಗಾಳಿಯಂತೆ ನೀರು ಒತ್ತಿಸಿಕೊಳ್ಳುವುದಿಲ್ಲ. ಅದಕ್ಕಿಂತ ಹೆಚ್ಚು ನೀರು ಒಳಹೊಕ್ಕರೆ ಬಾಗುವುದು ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್.

ಇಷ್ಟಾದರೂ ಸೆಕೆಂಡ್ ಹ್ಯಾಂಡ್ ಕೊಳ್ಳುವವರ ಮುಂದಿರುವ ನಿಜವಾದ ಪ್ರಶ್ನೆ ಪೆಟ್ರೋಲೋ ಡೀಸೆಲೋ ಎನ್ನುವುದಕ್ಕಿಂತ ಯಾವ ತಲೆಮಾರಿನ ಎಂಜಿನ್ ಎನ್ನುವುದೇ ಎಂದು ನನ್ನ ಅಭಿಪ್ರಾಯ. ಹಳೆಯ ಮಹೀಂದ್ರ ಜೀಪುಗಳ ಡೀಸೆಲ್ ಎಂಜಿನ್‌ಗಳಲ್ಲಿ ಪಂಪೂ ನಾಝಲ್ಲೂ ಪೂರ್ತಿ ಯಾಂತ್ರಿಕ. ಹೊಗೆ ಕಾರುತ್ತಿದ್ದರೂ, ನಿಧಾನವಾದರೂ, ಹೋಬಳಿ ಮಟ್ಟದ ಗ್ಯಾರೇಜಿನಲ್ಲಿ ಅವು ಬಿಚ್ಚಿ ಜೋಡಿಸಲು ಸಿಗುತ್ತವೆ. ಅನಂತರ ಬಂದ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಡೀಸೆಲ್ ಅನ್ನು 1,000ದಿಂದ 2,000 ಬಾರ್ ಒತ್ತಡಕ್ಕೆ ಏರಿಸಿ, ಕೂದಲೆಳೆಗಿಂತ ತುಸುವೇ ದಪ್ಪದ ರಂಧ್ರಗಳಿಂದ ಚಿಮ್ಮಿಸಲಾಗುತ್ತದೆ. ಇದು ಟೈರಿನ ಗಾಳಿಯ ಒತ್ತಡದ ಐನೂರರಿಂದ ಸಾವಿರ ಪಟ್ಟು. ಅಂಥ ಕಡೆ ಡಬ್ಬದಲ್ಲಿ ಶೇಖರಿಸಿಟ್ಟ ಡೀಸೆಲ್‌ನ ಒಂದು ಚೂರು ತುಕ್ಕು, ಮಳೆಗಾಲದಲ್ಲಿ ಟ್ಯಾಂಕಿನ ಒಳಗೋಡೆಗೆ ಕೂತ ನೀರಿನ ಹನಿ ಸಾಕು, ಡೀಸೆಲ್ ಚಿಮ್ಮಿಸುವ ಇಂಜೆಕ್ಟರು ಕೆಡುತ್ತದೆ.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್ 6 ಹೊಗೆ ನಿಯಂತ್ರಣ ನಿಯಮದ ಡೀಸೆಲ್‌ಗಳಿಗೆ ಇನ್ನೊಂದು ಅಂಗ ಸೇರಿತು: ಮಸಿ ಹಿಡಿಯುವ ಡಿಪಿಎಫ್ ಸೋಸುಗ. ಅದರಲ್ಲಿ ತುಂಬಿದ ಮಸಿ ಸುಟ್ಟುಹೋಗಬೇಕಾದರೆ ಹೊಗೆ ಸುಮಾರು 600 ಡಿಗ್ರಿಗೆ ಕಾಯಬೇಕು, ಅಷ್ಟು ಕಾಯಲು ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಎಡೆಬಿಡದೆ ಓಡಬೇಕು. ತೋಟದ ಗೇಟಿನಿಂದ ಹಾಲಿನ ಡೈರಿಗೆ, ಡೈರಿಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ಎಂದು ಮೂರು ಮೂರು ಕಿಲೋಮೀಟರ್ ತಿರುಗುವ ವಾಹನದಲ್ಲಿ ಇದು ಆಗುವುದೇ ಇಲ್ಲ. ಎಂಜಿನ್ ತಾನೇ ಹೆಚ್ಚುವರಿ ಡೀಸೆಲ್ ಸಿಂಪಡಿಸಿ ಮಸಿ ಸುಡಲು ಹೊರಡುತ್ತದೆ, ಅರ್ಧದಲ್ಲೇ ಕೀಲಿ ತಿರುಗಿಸಿ ಆರಿಸಿಬಿಡುತ್ತೇವೆ, ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಇಳಿದು ಎಂಜಿನ್ ಆಯಿಲ್ಲಿಗೆ ಸೇರುತ್ತದೆ. ಅಂಥ ವಾಹನದ ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಕಡಿಮೆಯಾಗಿರುವುದಿಲ್ಲ, ಮೇಲಿನ ಗೆರೆಯನ್ನೂ ದಾಟಿ ಏರಿರುತ್ತದೆ. ಬೆರಳಿನಿಂದ ಉಜ್ಜಿದರೆ ತೆಳ್ಳಗೆ, ಮೂಸಿದರೆ ಡೀಸೆಲ್ ವಾಸನೆ.

ಪೆಟ್ರೋಲಿನ ಕಡೆಗೂ ಹೊಸ ತಲೆನೋವು ಬಂದಿದೆ. ಬಂಕುಗಳಲ್ಲಿ ಈಗ ಸಿಗುವುದು 20 ಶೇಕಡಾ ಎಥೆನಾಲ್ ಬೆರೆತ ಪೆಟ್ರೋಲ್. ಲೀಟರಿನಲ್ಲಿ ಎಥೆನಾಲ್‌ನ ಶಕ್ತಿ ಪೆಟ್ರೋಲಿನದರ ಮೂರರಲ್ಲಿ ಎರಡು ಪಾಲಿನಷ್ಟೇ ಇರುವುದರಿಂದ, ಮಿಶ್ರಣದಲ್ಲಿ ಸುಮಾರು 6–7 ಶೇಕಡಾ ಶಕ್ತಿ ಖೋತಾ. ಹಳೆಯ ಕಾರ್ಬ್ಯುರೇಟರ್ ಜಿಪ್ಸಿಗಳ ರಬ್ಬರ್ ಪೈಪುಗಳನ್ನೂ ಡಯಾಫ್ರಾಮನ್ನೂ ಈ ಇಂಧನಕ್ಕೆಂದು ಮಾಡಿದ್ದಲ್ಲ. ಅವನ್ನು ಬದಲಾಯಿಸುವ ಖರ್ಚನ್ನು ಕೊಳ್ಳುವ ಬೆಲೆಗೇ ಸೇರಿಸಿಕೊಳ್ಳುವುದು ಲೇಸು. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತ ವಾಹನದ ಟ್ಯಾಂಕಿನಲ್ಲಿ ತೇವ ಒಂದು ಮಿತಿ ಮೀರಿತೆಂದರೆ ನೀರೂ ಎಥೆನಾಲೂ ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ, ಪಂಪ್ ಮೊದಲು ಎಳೆಯುವುದು ಆ ತಳದ ನೀರನ್ನೇ.

ದಿಲ್ಲಿ ನೋಂದಣಿಯ ಅಗ್ಗದ ಡೀಸೆಲ್‌ಗಳ ಬಗ್ಗೆ ಒಂದು ಮಾತು. ದಿಲ್ಲಿ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳ ಓಡಾಟಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ತಡೆ ಹಾಕಿದ ಮೇಲೆ ಅಲ್ಲಿಂದ ದಕ್ಷಿಣಕ್ಕೆ ಇಳಿದ ವಾಹನಗಳು ಕಡಿಮೆಯಲ್ಲ. ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿನ ತೆರಿಗೆ, ಮರುನೋಂದಣಿ ಎಲ್ಲ ಕೂಡಿಸಿ ನೋಡಿದ ಮೇಲೆ ಅಗ್ಗ ಎಷ್ಟು ಉಳಿಯುತ್ತದೆ ಎಂಬುದನ್ನು ಮುಂಗಡ ಕೊಡುವ ಮೊದಲೇ ಲೆಕ್ಕ ಹಾಕಬೇಕು.

ಮಿತ್ರರೊಬ್ಬರ ಜೊತೆ ಇತ್ತೀಚೆಗೆ ಇಂಥದ್ದೇ ಒಂದು ಡೀಸೆಲ್ ನೋಡಲು ಹೋಗಿದ್ದೆ. ಬೆಳಿಗ್ಗೆ ಏಳು ಗಂಟೆ, ಅಂಗಳದಲ್ಲಿ ಇನ್ನೂ ಮಂಜು. ಮಾರುವವರು ಕೀಲಿ ತರಲು ಒಳಗೆ ಹೋದಾಗ ನಮ್ಮೊಡನೆ ಬಂದಿದ್ದ ಮೆಕ್ಯಾನಿಕ್ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, "ಬೆಳಿಗ್ಗೆನೇ ಬಿಸಿ ಮಾಡಿ ಇಟ್ಟಿದಾರೆ ಸಾರ್" ಎಂದು ಮೆಲ್ಲನೆ ಹೇಳಿದ. ತಣ್ಣಗಿನ ಡೀಸೆಲ್ ಎಂಜಿನ್ ಮೊದಲ ಸೆಲ್ಫ್ ಸ್ಟಾರ್ಟಿಗೆ ಹೇಗೆ ಎದ್ದೇಳುತ್ತದೆ ಎಂಬುದು ಅದರ ಕಂಪ್ರೆಷನ್‌ನ ಪರೀಕ್ಷೆ. ಪಿಸ್ಟನ್ನಿನ ಸುತ್ತಲ ರಿಂಗುಗಳು ಸವೆದಿದ್ದರೆ ಗಾಳಿ ಸೋರಿ, ಬೇಕಾದಷ್ಟು ಕಾಯದೆ, ಉರಿಯದ ಡೀಸೆಲ್ ಬಿಳಿ ಹೊಗೆಯಾಗಿ ಬರುತ್ತದೆ. ಮೊದಲೇ ಬಿಸಿ ಮಾಡಿಟ್ಟರೆ ಆ ಗುಟ್ಟು ಮುಚ್ಚಿಹೋಗುತ್ತದೆ. ಎಂಜಿನ್ ಓಡುತ್ತಿರುವಾಗಲೇ ಆತ ಆಯಿಲ್ ಹಾಕುವ ಮುಚ್ಚಳವನ್ನು ತಿರುಚಿ, ಬಾಯಿಯ ಮೇಲೆ ಬೋರಲಾಗಿ ಸುಮ್ಮನೆ ಇಟ್ಟ. ಮುಚ್ಚಳ ಕುದಿಯುವ ಪಾತ್ರೆಯ ಮೇಲಿನ ತಟ್ಟೆಯಂತೆ ಕುಣಿದು ಕೆಳಗೆ ಬಿತ್ತು, ಬಾಯಿಯಿಂದ ನೀಲಿ ಹೊಗೆ ಬಿಟ್ಟುಬಿಟ್ಟು ಬಂತು. ಉರಿಯ ಒತ್ತಡ ಪಿಸ್ಟನ್ನಿನ ಪಕ್ಕದಿಂದ ಕೆಳಗೆ ನುಸುಳುತ್ತಿದೆ ಎಂದು ತಿಳಿಯಲು ಬೇರೆ ಯಂತ್ರ ಬೇಕಾಗಲಿಲ್ಲ.

ಮರಳುವ ದಾರಿಯಲ್ಲಿ ಲೆಕ್ಕ ಹಾಕಿದೆವು. ಪೆಟ್ರೋಲ್ 103 ರೂಪಾಯಿ, ಡೀಸೆಲ್ 91; ಒಂದಕ್ಕೆ ಲೀಟರಿಗೆ 10 ಕಿಲೋಮೀಟರ್, ಇನ್ನೊಂದಕ್ಕೆ 13 ಎಂದಿಟ್ಟುಕೊಂಡರೆ ಕಿಲೋಮೀಟರಿಗೆ ಉಳಿತಾಯ 3 ರೂಪಾಯಿ 30 ಪೈಸೆ. ಡೀಸೆಲ್ ವಾಹನದ ಬೆಲೆ ಒಂದು ಲಕ್ಷ ಹೆಚ್ಚಿದ್ದರೆ, ವರ್ಷಕ್ಕೆ 20,000 ಕಿಲೋಮೀಟರ್ ಓಡುವವರಿಗೆ ಅದು ಒಂದೂವರೆ ವರ್ಷದಲ್ಲಿ ಮರಳುತ್ತದೆ. ನನ್ನ ಮಿತ್ರರು ಓಡಿಸುವುದು ನಾಲ್ಕು ಸಾವಿರ, ಅದೂ ಬಹುತೇಕ ಪೇಟೆಗೂ ಮನೆಗೂ ನಡುವೆ. ಅವರಿಗೆ ಏಳೂವರೆ ವರ್ಷ ಬೇಕು, ನಡುವೆ ಒಂದು ಇಂಜೆಕ್ಟರೂ ಕೆಡಬಾರದು. ತಿಂಗಳೊಪ್ಪತ್ತು ಹುಡುಕಿ ಅವರು 2012ರ ಜಿಪ್ಸಿಯೊಂದನ್ನು ತಂದರು. ಗೊಬ್ಬರದ ಮೂಟೆಗಳಿಗೆ ಬಾಡಿಗೆ ಪಿಕಪ್ ಬರುತ್ತದೆ.